ಕುಬ್ಜ ಗೆಲಾಕ್ಸಿಗಳಲ್ಲಿ ನಕ್ಷತ್ರ ಜನನ ನಿಲ್ಲುವುದು ಯಾವಾಗ? ಹಾಸನದಿಂದ ನಡೆಸಿದ ಅಧ್ಯಯನದ ಅನುಭವ

ಹತ್ತು ಕೋಟಿ ಸೂರ್ಯರಷ್ಟು ದ್ರವ್ಯರಾಶಿಯ ನಕ್ಷತ್ರಗಳಿರುವ ಗೆಲಾಕ್ಸಿ ನಮ್ಮ ಕ್ಷೀರಪಥದ ಮುಂದೆ ತೀರ ಚಿಕ್ಕದು. ಕ್ಷೀರಪಥದ ನಕ್ಷತ್ರಗಳ ಒಟ್ಟು ದ್ರವ್ಯರಾಶಿ ಸೂರ್ಯನ ಸುಮಾರು ಐದಾರು ಸಾವಿರ ಕೋಟಿ ಪಟ್ಟು. ಇಂಥ ಚಿಕ್ಕವನ್ನು ಕುಬ್ಜ ಗೆಲಾಕ್ಸಿಗಳೆಂದು ಕರೆಯುತ್ತೇವೆ. ದೊಡ್ಡ ಗೆಲಾಕ್ಸಿಗಳಲ್ಲಿ ಹೊಸ ನಕ್ಷತ್ರಗಳು ಹುಟ್ಟುವುದು ನಿಲ್ಲಲು ಒಳಗಿನ ಕಾರಣಗಳೇ ಸಾಕಾಗುತ್ತವೆ. ನಡುವಿನ ಬೃಹತ್ ಕಪ್ಪುಕುಳಿಯ ಚಟುವಟಿಕೆ ಅವುಗಳಲ್ಲಿ ಮುಖ್ಯವಾದುದು. ಕುಬ್ಜ ಗೆಲಾಕ್ಸಿಗಳ ವಿಷಯ ಹಾಗಲ್ಲ. ಒಂಟಿಯಾಗಿರುವ ಕುಬ್ಜ ಗೆಲಾಕ್ಸಿಯಲ್ಲಿ ನಕ್ಷತ್ರಗಳು ನಿಧಾನವಾಗಿಯಾದರೂ ಹುಟ್ಟುತ್ತಲೇ ಇರುತ್ತವೆ. ಅದು ದೊಡ್ಡ ಗೆಲಾಕ್ಸಿಯ ಅಥವಾ ಗೆಲಾಕ್ಸಿ ಗುಚ್ಛದ ನೆರೆಗೆ ಬಂದ ಮೇಲೆ ಆ ಹುಟ್ಟು ನಿಲ್ಲುತ್ತದೆ. ಹಾಸನದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವ ನಾನು ಎಂ.ಎಸ್ಸಿ. ವಿದ್ಯಾರ್ಥಿಗಳ ಜೊತೆಗೂಡಿ ಈ ವಿಷಯವನ್ನು ಸಾರ್ವಜನಿಕ ದತ್ತಾಂಶಗಳ ನೆರವಿನಿಂದ ಪರೀಕ್ಷಿಸುತ್ತ ಬಂದಿದ್ದೇನೆ. ಹೇಗೆ ಮಾಡಿದೆವು, ಎಲ್ಲಿ ಎಚ್ಚರ ಬೇಕಾಯಿತು, ಏನು ಕಂಡಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಈ ಪ್ರಶ್ನೆಯನ್ನೇ ಆರಿಸಿಕೊಳ್ಳಲು ಎರಡು ಕಾರಣಗಳಿದ್ದವು. ಮೊದಲನೆಯದು, ಇದಕ್ಕೆ ಸ್ವಂತ ದೂರದರ್ಶಕ ಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಅಂಚಿನ ನಮ್ಮ ಆಕಾಶ ಮೋಡದ ಪಾಲಾಗಿರುತ್ತದೆ. ಆ ತಿಂಗಳುಗಳಲ್ಲೂ ನಿಲ್ಲದೆ ಸಾಗುವ ಕೆಲಸ ನನಗೆ ಬೇಕಿತ್ತು. ಎರಡನೆಯದು, ಇಲ್ಲಿ ಉತ್ತರ ಅಚ್ಚರಿಗೊಳಿಸುವಷ್ಟು ಸ್ಪಷ್ಟವಾಗಿದೆ. ಮಾರ್ಲಾ ಗೆಹಾ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಕ್ಷತ್ರಗಳ ದ್ರವ್ಯರಾಶಿ ಸೂರ್ಯನ 1 ಕೋಟಿಯಿಂದ 100 ಕೋಟಿ ಪಟ್ಟಿನವರೆಗೆ ಇರುವ ಗೆಲಾಕ್ಸಿಗಳಲ್ಲಿ, ದೊಡ್ಡ ನೆರೆಯಿಂದ ಸುಮಾರು 49 ಲಕ್ಷ ಜ್ಯೋತಿರ್ವರ್ಷಗಳಾಚೆ ಇರುವವನ್ನು ಮಾತ್ರ ತೆಗೆದುಕೊಂಡರೆ, ನಕ್ಷತ್ರ ಜನನ ನಿಂತಿರುವಂಥವು ಹತ್ತು ಸಾವಿರಕ್ಕೆ ಆರರಷ್ಟೂ ಸಿಗುವುದಿಲ್ಲ. ಖಗೋಳವಿಜ್ಞಾನದಲ್ಲಿ ಇಷ್ಟು ಖಡಾಖಂಡಿತವಾದ ಅಂಕಿ ಅಪರೂಪ. ವಿದ್ಯಾರ್ಥಿಗಳು ತಮ್ಮ ಕೈಯಿಂದಲೇ ಇದನ್ನು ಮತ್ತೆ ಪಡೆಯಬೇಕೆಂಬುದು ನನ್ನ ಆಸೆಯಾಗಿತ್ತು.

ನಾವು ಬಳಸಿದ ಮುಖ್ಯ ಆಕರ ಸ್ಲೋನ್ ಡಿಜಿಟಲ್ ಸ್ಕೈ ಸರ್ವೆ. ಅಮೆರಿಕದ ನ್ಯೂ ಮೆಕ್ಸಿಕೊದ ಅಪಾಚೆ ಪಾಯಿಂಟ್‌ನಲ್ಲಿರುವ 2.5 ಮೀಟರ್ ದೂರದರ್ಶಕದಿಂದ 2000ದಿಂದ ಮುಂದಕ್ಕೆ ನಡೆದ ಸಮೀಕ್ಷೆ ಅದು. ಅದರ ದತ್ತಾಂಶವನ್ನು ಯಾರು ಬೇಕಾದರೂ ಎಸ್‌ಕ್ಯೂಎಲ್ ಭಾಷೆಯಲ್ಲಿ ಪ್ರಶ್ನೆ ಬರೆದು ಇಳಿಸಿಕೊಳ್ಳಬಹುದು. ಹತ್ತಿರದ ಗೆಲಾಕ್ಸಿಗಳಿಗಾಗಿ ಅದೇ ಚಿತ್ರಗಳನ್ನು ಮತ್ತೆ ಸಂಸ್ಕರಿಸಿ ಸಿದ್ಧಪಡಿಸಿದ ನಾಸಾ–ಸ್ಲೋನ್ ಅಟ್ಲಾಸ್ ಎಂಬ ಪಟ್ಟಿಯೂ ಇದೆ. ಕುಬ್ಜ ಗೆಲಾಕ್ಸಿಗಳ ಕೆಲಸಕ್ಕೆ ಅದೇ ಉತ್ತಮ. ಅತಿನೇರಳೆ ಬೆಳಕಿಗೆ 2003ರಲ್ಲಿ ಹಾರಿದ ಗ್ಯಾಲೆಕ್ಸ್ ಉಪಗ್ರಹದ ಅಳತೆಗಳನ್ನು ತೆಗೆದುಕೊಂಡೆವು. ಉಳಿದದ್ದು ಒಂದು ಸಾಧಾರಣ ಲ್ಯಾಪ್‌ಟಾಪ್, ಪೈಥಾನ್ ಎಂಬ ಗಣಕ ಭಾಷೆ, ಪಟ್ಟಿಗಳನ್ನು ಹೋಲಿಸಿ ಜೋಡಿಸಲು ಟಾಪ್‌ಕ್ಯಾಟ್ ಎಂಬ ಉಚಿತ ತಂತ್ರಾಂಶ. ಕರೆಂಟು ಹೋಗುವ ಮಳೆಗಾಲದ ಸಂಜೆಗಳಲ್ಲಿ ಕೆಲಸ ಕೆಡದಿರಲೆಂದು ದತ್ತಾಂಶವನ್ನು ಸಣ್ಣ ಸಣ್ಣ ತುಂಡುಗಳಾಗಿ ಇಳಿಸಿ ಇಟ್ಟುಕೊಳ್ಳುವುದನ್ನು ಮೊದಲೇ ರೂಢಿ ಮಾಡಿಕೊಂಡೆವು.

ಪಟ್ಟಿ ಕೈಗೆ ಬಂದ ಕೂಡಲೇ ಎಣಿಕೆ ಶುರುಮಾಡುವಂತಿಲ್ಲ. ಸಮೀಕ್ಷೆಯ ಮುಖ್ಯ ಗೆಲಾಕ್ಸಿ ಗುಂಪಿಗೆ ಕೆಂಪು ಶೋಧಕದಲ್ಲಿ 17.77ರ ಕಾಂತಿಮಾನದ (ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಮಸುಕು) ಮಿತಿ ಇದೆ. ಅದಕ್ಕಿಂತ ಮಸುಕಾದವುಗಳ ರೋಹಿತವನ್ನು, ಎಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ ದಾಖಲೆಯನ್ನು, ಸಾಮಾನ್ಯವಾಗಿ ತೆಗೆದಿಲ್ಲ. ಒಂದೇ ದ್ರವ್ಯರಾಶಿಯ ಎರಡು ಗೆಲಾಕ್ಸಿಗಳಲ್ಲಿ ಎಳೆಯ ನೀಲಿ ನಕ್ಷತ್ರಗಳಿರುವುದು ಹೆಚ್ಚು ಪ್ರಕಾಶವಾಗಿರುತ್ತದೆ, ಹಳೆಯ ನಕ್ಷತ್ರಗಳಷ್ಟೇ ಉಳಿದಿರುವುದು ಮಂಕಾಗಿರುತ್ತದೆ. ಹಾಗಾಗಿ ದೂರ ಹೆಚ್ಚಿದಂತೆ ಪಟ್ಟಿಯಿಂದ ಮೊದಲು ಜಾರಿಹೋಗುವುದು ನಕ್ಷತ್ರ ಜನನ ನಿಂತ ಗೆಲಾಕ್ಸಿಗಳೇ. ಇದನ್ನು ಗಮನಿಸದೆ ಎಣಿಸಿದರೆ ಒಂಟಿ ಪ್ರದೇಶಗಳಲ್ಲಿ ನಿಂತವು ಇಲ್ಲವೆಂಬ ಫಲಿತಾಂಶ ತಾನಾಗಿಯೇ ಬಂದುಬಿಡುತ್ತದೆ, ಆದರೆ ಅದು ಆಕಾಶದ ಸತ್ಯವಾಗಿರದೆ ಸಮೀಕ್ಷೆಯ ಮಿತಿಯಾಗಿರುತ್ತದೆ. ಆದ್ದರಿಂದ ಪ್ರತಿ ದ್ರವ್ಯರಾಶಿಯ ವರ್ಗಕ್ಕೂ ಹಳೆಯ, ಮಂಕು ಗೆಲಾಕ್ಸಿ ಎಷ್ಟು ದೂರದವರೆಗೆ ಕಾಣಬಲ್ಲದೋ ಅಷ್ಟೇ ದೂರವನ್ನು ಎಲ್ಲಕ್ಕೂ ಗಡಿಯಾಗಿಟ್ಟೆವು. ಇದರಿಂದ ಪಟ್ಟಿ ಬಹಳ ಚಿಕ್ಕದಾಗುತ್ತದೆ. ಚಿಕ್ಕದಾಗಲಿ, ಪಕ್ಷಪಾತವಿರುವ ದೊಡ್ಡ ಪಟ್ಟಿಗಿಂತ ಅದೇ ಮೇಲು ಎಂಬುದು ನನ್ನ ನಿಲುವು.

ಎರಡನೇ ಎಚ್ಚರಿಕೆ ಚಿತ್ರಗಳದು. ಹತ್ತಿರದ ದೊಡ್ಡ ಸುರುಳಿ ಗೆಲಾಕ್ಸಿಯನ್ನು ಗಣಕದ ತಂತ್ರಾಂಶ ಕೆಲವೊಮ್ಮೆ ಒಂದೇ ವಸ್ತುವೆಂದು ಗುರುತಿಸದೆ ಹಲವು ತುಂಡುಗಳಾಗಿ ಒಡೆದು ದಾಖಲಿಸುತ್ತದೆ. ಸುರುಳಿಯ ತೋಳಿನಲ್ಲಿರುವ ನಕ್ಷತ್ರ ಜನನದ ಒಂದು ಪ್ರಕಾಶಮಾನ ಗಂಟು ಆಗ ಸ್ವತಂತ್ರ ಕುಬ್ಜ ಗೆಲಾಕ್ಸಿಯಂತೆ ಪಟ್ಟಿ ಸೇರುತ್ತದೆ. ಅಟ್ಲಾಸ್‌ನಲ್ಲಿ ಈ ತೊಂದರೆ ಕಡಿಮೆ, ಆದರೆ ಪೂರ್ತಿ ಇಲ್ಲವೆಂದಲ್ಲ. ಆದ್ದರಿಂದ ಪಟ್ಟಿಯ ಪ್ರತಿ ವಸ್ತುವಿನ ಚಿತ್ರವನ್ನೂ ಕಣ್ಣಾರೆ ನೋಡುವುದೆಂದು ತೀರ್ಮಾನಿಸಿ ವಿದ್ಯಾರ್ಥಿಗಳಿಗೆ ಹಂಚಿದೆ. ಸಕಲೇಶಪುರದ ಕಡೆಯ ಒಬ್ಬ ವಿದ್ಯಾರ್ಥಿನಿಗೆ ಇದರಲ್ಲಿ ಅಪಾರ ಆಸಕ್ತಿ. ಒಂದು ಸಂಜೆ ಆಕೆ ಪರದೆಯ ಮೇಲೆ ಚಿತ್ರವನ್ನು ಚಿಕ್ಕದು ಮಾಡುತ್ತ ಮಾಡುತ್ತ, “ಮೇಡಂ, ಇದು ಬೇರೆ ಗೆಲಾಕ್ಸಿ ಅಲ್ಲ ಅನ್ಸುತ್ತೆ, ದೊಡ್ಡದರ ತೋಳಿನ ತುದೀಲೇ ಇದೆ ನೋಡಿ” ಎಂದು ತೋರಿಸಿದಳು. ಹತ್ತಿರದಿಂದ ನೋಡಿದಾಗ ದುಂಡನೆಯ ನೀಲಿ ಮಚ್ಚೆಯಾಗಿದ್ದ ಅದು, ಚಿತ್ರದ ವ್ಯಾಪ್ತಿ ಹಿಗ್ಗಿದಾಗ ಒಂದು ಮಸುಕು ತೋಳಿಗೆ ಅಂಟಿಕೊಂಡಿರುವುದು ಸ್ಪಷ್ಟವಾಗಿತ್ತು. ಇಂಥ ಪರಿಶೀಲನೆಯನ್ನು ಯಂತ್ರಕ್ಕೆ ಪೂರ್ತಿ ಒಪ್ಪಿಸಬಾರದೆಂಬ ನನ್ನ ಅಭಿಪ್ರಾಯ ಈಗಲೂ ಹಾಗೆಯೇ ಇದೆ.

ನೆರೆ ಎಂದರೆ ಯಾವುದು ಎಂಬುದನ್ನೂ ಖಚಿತವಾಗಿ ಹೇಳಬೇಕಾಗುತ್ತದೆ. ನಕ್ಷತ್ರಗಳ ದ್ರವ್ಯರಾಶಿ ಸೂರ್ಯನ ಸುಮಾರು 2,500 ಕೋಟಿ ಪಟ್ಟಿಗಿಂತ ಹೆಚ್ಚಿರುವ ಗೆಲಾಕ್ಸಿಯನ್ನು ದೊಡ್ಡ ನೆರೆಯೆಂದು ಪರಿಗಣಿಸಿ, ಕುಬ್ಜ ಗೆಲಾಕ್ಸಿಗೂ ಅದಕ್ಕೂ ವೇಗದಲ್ಲಿ ಸೆಕೆಂಡಿಗೆ 1,000 ಕಿಲೋಮೀಟರ್ ಒಳಗಿನ ವ್ಯತ್ಯಾಸವಿದ್ದರೆ ಮಾತ್ರ ಅವೆರಡನ್ನೂ ಜೊತೆಗಿಟ್ಟು, ಆಕಾಶದಲ್ಲಿ ಅವುಗಳ ನಡುವಿನ ಅಂತರವನ್ನು ಅಳೆದೆವು. ಈ ಅಂತರ ನಿಜವಾದ ಮೂರು ಆಯಾಮದ ದೂರವಲ್ಲ, ನಮ್ಮ ದೃಷ್ಟಿಗೆ ಕಾಣುವ ಅಡ್ಡ ದೂರ ಮಾತ್ರ ಎಂಬುದು ಸದಾ ನೆನಪಿನಲ್ಲಿರಬೇಕು. ಪಟ್ಟಿ ಮಾಡುವಾಗ ದೊಡ್ಡ ನೆರೆಯನ್ನು ನಮ್ಮ ಸಮೀಕ್ಷೆಯ ಗಡಿಯೊಳಗೆ ಮಾತ್ರ ಹುಡುಕಿದರೂ ಸಾಲದು. ಗಡಿಯ ಆಚೆಗೆ ಒಂದು ದೊಡ್ಡ ಗೆಲಾಕ್ಸಿ ಇದ್ದರೆ ಅಂಚಿನ ಕುಬ್ಜವು ಒಂಟಿಯೆಂದು ತಪ್ಪಾಗಿ ದಾಖಲಾಗುತ್ತದೆ. ಇಡೀ ಆಕಾಶವನ್ನು ಅವಕೆಂಪಿನಲ್ಲಿ ಅಳೆದ 2ಮಾಸ್ ಸಮೀಕ್ಷೆ ಇಲ್ಲಿ ನೆರವಿಗೆ ಬರುತ್ತದೆ.

ಕನ್ಯಾ ಗುಚ್ಛದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಸುಮಾರು 5.4 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಈ ಗುಚ್ಛ ನಮಗೆ ಹತ್ತಿರದ ದೊಡ್ಡ ಗೆಲಾಕ್ಸಿ ಗುಚ್ಛ. ಬಿಂಗೆಲಿ, ಸ್ಯಾಂಡೇಜ್, ಟಾಮನ್ ಅವರು 1985ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಈ ದಿಕ್ಕಿನ 2,096 ಗೆಲಾಕ್ಸಿಗಳಿವೆ, ಅವುಗಳಲ್ಲಿ ಹೆಚ್ಚಿನವು ಕುಬ್ಜಗಳು. ಗುಚ್ಛದ ನಡುವಿನ ಎಂ87 ಗೆಲಾಕ್ಸಿ ಆಕಾಶದ ಸಮಭಾಜಕಕ್ಕೆ ಉತ್ತರದಲ್ಲಿ 12 ಡಿಗ್ರಿಯ ಮೇಲೆ ಸ್ವಲ್ಪ ಇದೆ. ಹಾಸನ 13 ಡಿಗ್ರಿ ಅಕ್ಷಾಂಶದಲ್ಲಿದೆ. ಹಾಗಾಗಿ ಏಪ್ರಿಲ್–ಮೇ ತಿಂಗಳ ರಾತ್ರಿಗಳಲ್ಲಿ ಈ ಗುಚ್ಛ ನಮ್ಮೂರಿನ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ, ಆದರೂ ಪರದೆಯ ಮೇಲೆ ಎಣಿಸುತ್ತಿರುವುದು ತಲೆಯ ಮೇಲಿರುವ ವಸ್ತುಗಳನ್ನೇ ಎಂದು ತಿಳಿದಾಗ ವಿದ್ಯಾರ್ಥಿಗಳಿಗೆ ಅಂಕಿಗಳ ಮೇಲೆ ಬೇರೆಯೇ ಬಗೆಯ ಮಮತೆ ಬರುತ್ತದೆ. ಗುಚ್ಛದೊಳಗೆ ಗೆಲಾಕ್ಸಿಗಳು ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಅತ್ತಿತ್ತ ಓಡುವುದರಿಂದ ಕೆಂಪು ಪಲ್ಲಟವನ್ನು (ದೂರ ಸರಿಯುವ ಗೆಲಾಕ್ಸಿಯ ಬೆಳಕು ಕೆಂಪಿನ ಕಡೆಗೆ ಜರುಗುವ ಪ್ರಮಾಣವನ್ನು) ನೇರವಾಗಿ ದೂರಕ್ಕೆ ಪರಿವರ್ತಿಸುವಂತಿಲ್ಲ. ಎಂ90 ಗೆಲಾಕ್ಸಿ ಸೆಕೆಂಡಿಗೆ 200 ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ನಮ್ಮ ಕಡೆಗೇ ಬರುತ್ತಿದೆ. ಆ ಪರಿವರ್ತನೆಯ ಸೂತ್ರದ ಪ್ರಕಾರ ಅದಕ್ಕೆ ದೂರವೇ ಇರುವುದಿಲ್ಲ. ಗುಚ್ಛದ ಸದಸ್ಯರಿಗೆಲ್ಲ ಒಂದೇ ದೂರವನ್ನು ಕೊಟ್ಟು ಮುಂದುವರಿಯುವುದೇ ಸರಿಯಾದ ದಾರಿ.

ನಕ್ಷತ್ರ ಜನನ ನಿಂತಿದೆ ಎಂದು ಹೇಳುವ ಅಳತೆಯೇ ಈ ಕೆಲಸದ ತಿರುಳು. ಬಣ್ಣವನ್ನು ಮಾತ್ರ ನೋಡಿ ಕೆಂಪು, ನೀಲಿ ಎಂದು ವಿಂಗಡಿಸುವುದು ಸುಲಭ, ಆದರೆ ಅದರಿಂದ ಯಾವಾಗ ನಿಂತಿತು ಎಂಬುದು ತಿಳಿಯುವುದಿಲ್ಲ. ಅದಕ್ಕಾಗಿ ಮೂರು ಸೂಚಕಗಳನ್ನು ಒಟ್ಟಿಗೆ ಬಳಸಿದೆವು. ಮೊದಲನೆಯದು 6,563 ಆಂಗ್‌ಸ್ಟ್ರಾಮ್ ತರಂಗಾಂತರದಲ್ಲಿ ಜಲಜನಕ ಸೂಸುವ ಎಚ್-ಆಲ್ಫಾ ಎಂಬ ರೇಖೆ. ಸುತ್ತಲಿನ ಜಲಜನಕವನ್ನು ಹೀಗೆ ಬೆಳಗಿಸಬಲ್ಲ ಭಾರಿ ನಕ್ಷತ್ರಗಳು ಬೇಗ ಸಾಯುವುದರಿಂದ ಈ ರೇಖೆ ಕಳೆದ ಒಂದು ಕೋಟಿ ವರ್ಷದೊಳಗಿನ ಕತೆಯನ್ನು ಹೇಳುತ್ತದೆ. ಎರಡನೆಯದು ಅತಿನೇರಳೆ ಬೆಳಕು. ಅದು ಸುಮಾರು ಹತ್ತು ಕೋಟಿ ವರ್ಷಗಳವರೆಗಿನದನ್ನು ಹೇಳುತ್ತದೆ. ಮೂರನೆಯದು ರೋಹಿತದಲ್ಲಿ 4,000 ಆಂಗ್‌ಸ್ಟ್ರಾಮ್ ಬಳಿ ಕಾಣುವ ಮೆಟ್ಟಿಲು. ನಕ್ಷತ್ರಗಳು ಹಳೆಯದಾದಂತೆ ಈ ಮೆಟ್ಟಿಲಿನ ಎತ್ತರ ಹೆಚ್ಚುತ್ತ ಹೋಗುತ್ತದೆ, ಅದರ ಕಾಲಮಾನ ನೂರು ಕೋಟಿ ವರ್ಷದ ಆಸುಪಾಸು. ಗೆಹಾ ಅವರ ತಂಡ ಎಚ್-ಆಲ್ಫಾದ ಸಮಾನ ಅಗಲ (ರೇಖೆಯ ಪ್ರಬಲತೆಯ ಅಳತೆ) 2 ಆಂಗ್‌ಸ್ಟ್ರಾಮ್‌ಗಿಂತ ಕಡಿಮೆಯಿದ್ದು, ಜೊತೆಗೆ ಈ ಮೆಟ್ಟಿಲು ದ್ರವ್ಯರಾಶಿಗೆ ತಕ್ಕಂತೆ ಒಂದು ಮಿತಿಗಿಂತ ಎತ್ತರವಾಗಿದ್ದರೆ ಮಾತ್ರ ಜನನ ನಿಂತಿದೆಯೆಂದು ಲೆಕ್ಕಹಾಕಿತು. ನೂರು ಕೋಟಿ ಸೌರರಾಶಿಯ (ಸೌರರಾಶಿ ಎಂದರೆ ಸೂರ್ಯನ ದ್ರವ್ಯರಾಶಿ) ಗೆಲಾಕ್ಸಿಗೆ ಆ ಮಿತಿ 1.5. ನಾವೂ ಅದನ್ನೇ ಇಟ್ಟುಕೊಂಡು ಅತಿನೇರಳೆಯನ್ನು ಮೂರನೇ ಸಾಕ್ಷಿಯಾಗಿ ಸೇರಿಸಿದೆವು.

ಎರಡೂ ಷರತ್ತು ಏಕೆ ಬೇಕೆಂದರೆ, ಕುಬ್ಜ ಗೆಲಾಕ್ಸಿಗಳಲ್ಲಿ ನಕ್ಷತ್ರಗಳು ಒಂದೇ ಸಮನಾಗಿ ಹುಟ್ಟುವುದಿಲ್ಲ. ಕೆಲಕಾಲ ರಭಸದಿಂದ ಹುಟ್ಟಿ, ಸೂಪರ್‌ನೋವಾಗಳ (ಸಿಡಿದು ಸಾಯುವ ನಕ್ಷತ್ರಗಳ) ಹೊಡೆತಕ್ಕೆ ಅನಿಲ ಚದುರಿ, ಮತ್ತೆ ಅದು ತಣಿದು ಕೂಡಿಕೊಳ್ಳುವವರೆಗೆ ಬಿಡುವು ಬೀಳುತ್ತದೆ. ಆ ಬಿಡುವಿನಲ್ಲಿ ಸೆರೆಸಿಕ್ಕ ಗೆಲಾಕ್ಸಿಯಲ್ಲಿ ಎಚ್-ಆಲ್ಫಾ ಇಲ್ಲದಿದ್ದರೂ ಅದು ನಿಂತುಹೋದ ಗೆಲಾಕ್ಸಿಯಲ್ಲ. ಜೇಮ್ಸ್ ವೆಬ್ ದೂರದರ್ಶಕದಿಂದ 7.3ರ ಕೆಂಪು ಪಲ್ಲಟದಲ್ಲಿ, ವಿಶ್ವಕ್ಕೆ ಇನ್ನೂ ಸುಮಾರು 70 ಕೋಟಿ ವರ್ಷವಾಗಿದ್ದಾಗ, ನಕ್ಷತ್ರ ಜನನ ನಿಂತಂತೆ ಕಾಣುವ ಒಂದು ಚಿಕ್ಕ ಗೆಲಾಕ್ಸಿ ಸಿಕ್ಕಿದೆ. ಅದನ್ನೂ ಇಂಥ ತಾತ್ಕಾಲಿಕ ಬಿಡುವೆಂದು ಓದಲು ಅವಕಾಶವಿದೆ. ಶಾಶ್ವತ ನಿಲುಗಡೆಗೂ ಬಿಡುವಿಗೂ ನಡುವಿನ ವ್ಯತ್ಯಾಸವನ್ನು ಕಾಲದ ಅಳತೆಯಿಲ್ಲದೆ ಹೇಳಲಾಗದು.

ಒಂದು ರೋಹಿತವನ್ನು ಹತ್ತಿರದಿಂದ ನೋಡೋಣ. ಕನ್ಯಾ ಗುಚ್ಛದ ಹೊರವಲಯದ ಒಂದು ಕುಬ್ಜ ಗೆಲಾಕ್ಸಿಯದು ಅದು. ಎಚ್-ಆಲ್ಫಾ ಇರಬೇಕಾದ ಜಾಗದಲ್ಲಿ ಉಬ್ಬು ಇಲ್ಲ, ರೇಖೆ ಸಪಾಟಾಗಿದೆ. ನೀಲಿಯ ಕಡೆಗೆ ಬಂದರೆ 4,861 ಮತ್ತು 4,102 ಆಂಗ್‌ಸ್ಟ್ರಾಮ್‌ಗಳ ಬಳಿ ಜಲಜನಕದ ಆಳವಾದ ತಗ್ಗುಗಳಿವೆ. ಇವು ಎ ವರ್ಗದ, ಎಂದರೆ ಸೂರ್ಯನಿಗಿಂತ ಬಿಸಿಯಾದ ಬಿಳಿ ನಕ್ಷತ್ರಗಳ ಗುರುತು. ಅಂಥ ನಕ್ಷತ್ರಗಳ ಆಯುಸ್ಸು ಹೆಚ್ಚೆಂದರೆ ನೂರಿನ್ನೂರು ಕೋಟಿ ವರ್ಷ. ಮೆಟ್ಟಿಲು ಇನ್ನೂ ಪೂರ್ತಿ ಎತ್ತರವಾಗಿಲ್ಲ. ಅತಿನೇರಳೆ ಚಿತ್ರದಲ್ಲಿ ಮಸುಕಾದ ಹೊಳಪು ಇದೆ, ಅದೂ ನಡುವಿನಲ್ಲಿ ಮಾತ್ರ. ಹೊರ ಅಂಚು ಮೊದಲೇ ಕಪ್ಪಾಗಿದೆ. ಇವೆಲ್ಲವನ್ನೂ ಕೂಡಿಸಿ ಓದಿದರೆ, ಇಲ್ಲಿ ನಕ್ಷತ್ರಗಳು ಹುಟ್ಟುವುದು ತೀರ ಹಿಂದೆ ನಿಂತದ್ದಲ್ಲ, ಕೆಲವು ಹತ್ತು ಕೋಟಿ ವರ್ಷಗಳೊಳಗೆ, ಹೊರಗಿನಿಂದ ಒಳಗೆ ನಿಂತಿದೆ ಎಂದು ತಿಳಿಯುತ್ತದೆ. ಅನಿಲವನ್ನು ಹೊರಗಿನಿಂದ ಯಾವುದೋ ಶಕ್ತಿ ಸುಲಿದುಕೊಂಡಾಗ ಹೀಗಾಗುತ್ತದೆ. ಇಲ್ಲೊಂದು ಮಿತಿಯನ್ನೂ ಹೇಳಬೇಕು: ಸ್ಲೋನ್ ಸಮೀಕ್ಷೆಯಲ್ಲಿ ಗೆಲಾಕ್ಸಿಯ ಬೆಳಕನ್ನು ಒಯ್ಯುವ ಗಾಜಿನ ಎಳೆ ಆಕಾಶದಲ್ಲಿ 3 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಪಾಲು) ಅಗಲವನ್ನು ಮಾತ್ರ ನೋಡುತ್ತದೆ, ಕನ್ಯಾ ಗುಚ್ಛದ ದೂರದಲ್ಲಿ ಅದು ಸುಮಾರು 800 ಜ್ಯೋತಿರ್ವರ್ಷ. ಗೆಲಾಕ್ಸಿಯ ಉಳಿದ ಭಾಗದಲ್ಲಿ ಏನಾಗುತ್ತಿದೆ ಎಂಬುದಕ್ಕೆ ಅತಿನೇರಳೆ ಚಿತ್ರವಿಲ್ಲದೆ ಉತ್ತರ ಸಿಗದು.

ಸುಲಿಯುವ ಶಕ್ತಿ ಯಾವುದು? ಗುಚ್ಛದ ಗೆಲಾಕ್ಸಿಗಳ ನಡುವಿನ ಜಾಗ ಖಾಲಿಯಲ್ಲ, ಕೋಟ್ಯಂತರ ಡಿಗ್ರಿ ಕಾದ ತೆಳು ಅನಿಲ ಅಲ್ಲಿ ತುಂಬಿಕೊಂಡು ಎಕ್ಸ್-ಕಿರಣಗಳನ್ನು ಸೂಸುತ್ತಿರುತ್ತದೆ. ಅದರ ನಡುವೆ ನುಗ್ಗುವ ಗೆಲಾಕ್ಸಿಯ ಮೇಲೆ ಎದುರುಗಾಳಿಯ ಒತ್ತಡ ಬೀಳುತ್ತದೆ. ಗನ್ ಮತ್ತು ಗಾಟ್ 1972ರಲ್ಲಿ ತೋರಿಸಿಕೊಟ್ಟಂತೆ ಈ ಒತ್ತಡ ಆ ಅನಿಲದ ಸಾಂದ್ರತೆಯನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ದೊಡ್ಡ ಗೆಲಾಕ್ಸಿಯ ಗುರುತ್ವ ತನ್ನ ಅನಿಲವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳಬಲ್ಲದು, ಕುಬ್ಜಕ್ಕೆ ಆ ಬಲವಿಲ್ಲ. ಐಸಿ 3418 ಎಂಬ ಕನ್ಯಾ ಗುಚ್ಛದ ಕುಬ್ಜ ಗೆಲಾಕ್ಸಿಯಲ್ಲಿ ಈ ಕ್ರಿಯೆಯನ್ನು ಬಹುತೇಕ ಕಣ್ಣಾರೆ ಕಾಣಬಹುದು. ಅದರ ಹಿಂದೆ ಸುಮಾರು 55,000 ಜ್ಯೋತಿರ್ವರ್ಷ ಉದ್ದದ ಬಾಲವಿದೆ. ಬಾಲದಲ್ಲಿ ಎಳೆಯ ನಕ್ಷತ್ರಗಳ ಗಂಟುಗಳು ಅತಿನೇರಳೆಯಲ್ಲಿ ಹೊಳೆಯುತ್ತವೆ, ಆದರೆ ಗೆಲಾಕ್ಸಿಯ ಒಡಲಿನಲ್ಲಿ ಎಚ್-ಆಲ್ಫಾ ಇಲ್ಲ. ನಕ್ಷತ್ರಗಳನ್ನು ಹುಟ್ಟಿಸುವ ಅನಿಲ ಒಡಲನ್ನು ಬಿಟ್ಟು ಬಾಲಕ್ಕೆ ಹೋಗಿದೆ. ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹ 2015ರ ಸೆಪ್ಟೆಂಬರ್ 28ರಂದು ಹಾರಿದ ಮೇಲೆ ಅದರ ಅತಿನೇರಳೆ ದೂರದರ್ಶಕದಿಂದ ಇಂಥ ಬಾಲವಿರುವ ದೊಡ್ಡ ಗೆಲಾಕ್ಸಿಗಳ ಉತ್ತಮ ಚಿತ್ರಗಳು ಬಂದಿವೆ. ನಮ್ಮ ವಿದ್ಯಾರ್ಥಿಗಳು ಮುಂದೆ ಅವನ್ನು ಬಳಸಬೇಕೆಂಬ ಇಚ್ಛೆ ನನಗಿದೆ.

ಆದರೆ ಎಲ್ಲ ಕುಬ್ಜಗಳೂ ಗುಚ್ಛಗಳಲ್ಲಿಲ್ಲ. ಬಹುಪಾಲು ಉಪಗೆಲಾಕ್ಸಿಗಳು (ದೊಡ್ಡದನ್ನು ಸುತ್ತುವ ಚಿಕ್ಕ ಗೆಲಾಕ್ಸಿಗಳು) ಕ್ಷೀರಪಥದಂಥ ಒಂದೊಂದು ದೊಡ್ಡ ಗೆಲಾಕ್ಸಿಯ ಸುತ್ತ ಇವೆ. ಅಲ್ಲಿ ಬಿಸಿ ಅನಿಲ ತೆಳು, ವೇಗವೂ ಕಡಿಮೆ. ಅಲ್ಲಿ ನಡೆಯುವುದನ್ನು ವಿವರಿಸಲು ಲಾರ್ಸನ್, ಟಿನ್ಸ್‌ಲಿ, ಕಾಲ್ಡ್‌ವೆಲ್ 1980ರಲ್ಲಿ ಬೇರೊಂದು ದಾರಿಯನ್ನು ಸೂಚಿಸಿದ್ದರು. ಗೆಲಾಕ್ಸಿಯೊಳಗಿನ ಅನಿಲ ಹಾಗೆಯೇ ಉಳಿಯುತ್ತದೆ, ಹೊರಗಿನಿಂದ ಹೊಸ ಅನಿಲ ಬಂದು ಸೇರುವುದು ಮಾತ್ರ ನಿಲ್ಲುತ್ತದೆ. ನಮ್ಮ ಜಿಲ್ಲೆಯ ಕೆರೆಗಳನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ: ಏರಿ ಒಡೆದರೆ ನೀರು ಒಂದೇ ರಾತ್ರಿಯಲ್ಲಿ ಹರಿದುಹೋಗುತ್ತದೆ, ಆದರೆ ಕೆರೆಗೆ ನೀರು ತರುವ ಕಾಲುವೆ ಮಾತ್ರ ಮುಚ್ಚಿಹೋದರೆ ಇರುವ ನೀರಿನಲ್ಲಿ ಇನ್ನೂ ಒಂದೆರಡು ಬೆಳೆ ತೆಗೆಯಬಹುದು, ಬತ್ತುವುದು ಆಮೇಲೆ. ಗುಚ್ಛದಲ್ಲಿ ಕಂಡದ್ದು ಮೊದಲನೆಯದು, ಒಂದೊಂದು ದೊಡ್ಡ ಗೆಲಾಕ್ಸಿಯ ಸುತ್ತ ನಡೆಯುವುದು ಬಹುಮಟ್ಟಿಗೆ ಎರಡನೆಯದು. ಎರಡರ ಕಾಲಾವಧಿ ಬೇರೆ ಬೇರೆ. ಈ ಅವಧಿಯನ್ನು ಅಳೆಯಬಲ್ಲೆವಾದರೆ ಕಾರಣವನ್ನು ಗುರುತಿಸಬಲ್ಲೆವು.

ಅವಧಿಯನ್ನು ಅಳೆಯಲು ನಾವು ಅನುಸರಿಸಿದ ಕ್ರಮ ಸರಳವಾದದ್ದು, ಸಂಶೋಧಕರು ಬಹುಕಾಲದಿಂದ ಬಳಸುತ್ತಿರುವುದು. ಯಾವ ಉಪಗೆಲಾಕ್ಸಿ ಯಾವಾಗ ದೊಡ್ಡದರ ವಲಯದೊಳಗೆ ಬಿತ್ತು ಎಂಬುದು ಆಕಾಶದಲ್ಲಿ ಬರೆದಿಲ್ಲ. ಆದರೆ ಗಣಕದಲ್ಲಿ ವಿಶ್ವದ ವಿಕಾಸವನ್ನು ಅನುಕರಿಸಿದ ಇಲಸ್ಟ್ರಿಸ್-ಟಿಎನ್‌ಜಿಯಂಥ ಮಾದರಿಗಳಲ್ಲಿ ಪ್ರತಿ ಉಪಗೆಲಾಕ್ಸಿಯ ಇಡೀ ಚರಿತ್ರೆ ದಾಖಲಾಗಿರುತ್ತದೆ, ಆ ದತ್ತಾಂಶವೂ ಸಾರ್ವಜನಿಕವಾಗಿದೆ. ಒಳಬಿದ್ದ ಕಾಲಗಳನ್ನು ಹಳೆಯದರಿಂದ ಹೊಸದಕ್ಕೆ ಸಾಲಾಗಿ ಜೋಡಿಸಿ. ಆಕಾಶದಲ್ಲಿ ನೂರರಲ್ಲಿ ಇಪ್ಪತ್ತೈದು ಉಪಗೆಲಾಕ್ಸಿಗಳು ನಿಂತಿವೆ ಎಂದು ಭಾವಿಸಿದರೆ, ಅವು ಮೊದಲು ಒಳಬಿದ್ದ ಇಪ್ಪತ್ತೈದೇ ಇರಬೇಕು. ಸಾಲಿನಲ್ಲಿ ಇಪ್ಪತ್ತೈದನೆಯದು ಎಷ್ಟು ವರ್ಷದ ಹಿಂದೆ ಬಿದ್ದಿತೋ ಅದೇ ನಿಲ್ಲಲು ಹಿಡಿಯುವ ಅವಧಿ. ಈ ಕ್ರಮದಲ್ಲಿ ಮಾದರಿಯ ನಕ್ಷತ್ರಗಳನ್ನು ನಾವು ನಂಬಬೇಕಾಗಿಲ್ಲ, ಕಪ್ಪುದ್ರವ್ಯದ (ಬೆಳಕು ಸೂಸದ, ಗುರುತ್ವದಿಂದಷ್ಟೇ ತಿಳಿಯುವ ದ್ರವ್ಯದ) ಚಲನೆಯನ್ನು ನಂಬಿದರೆ ಸಾಕು. ಟಿಎನ್‌ಜಿ100 ಮಾದರಿಯಲ್ಲಿ ಅನಿಲದ ಒಂದು ಕಣವೇ ಸುಮಾರು 14 ಲಕ್ಷ ಸೌರರಾಶಿಯದು. ಹತ್ತು ಕೋಟಿ ಸೌರರಾಶಿಯ ಗೆಲಾಕ್ಸಿಯಲ್ಲಿ ಅಂಥವು ಎಪ್ಪತ್ತರ ಆಸುಪಾಸು ಮಾತ್ರ ಇರುತ್ತವೆ, ಅಷ್ಟರಿಂದ ಅದರ ನಕ್ಷತ್ರ ಜನನದ ಬಗ್ಗೆ ಏನನ್ನೂ ಹೇಳಬಾರದು. ಟಿಎನ್‌ಜಿ50ರಲ್ಲಿ ಕಣ 85 ಸಾವಿರ ಸೌರರಾಶಿಗೆ ಇಳಿಯುತ್ತದೆ, ಆದರೆ ಅದರ ಘನಾಕೃತಿ ಚಿಕ್ಕದು. ಎರಡನ್ನೂ ಹೋಲಿಸಿ ನೋಡುವುದು ವಿವೇಕ.

ಈ ಲೆಕ್ಕದಿಂದ ಬರುವ ಚಿತ್ರ ನನಗೆ ಬಹಳ ಮುಖ್ಯವೆನಿಸುತ್ತದೆ. ವೆಟ್ಜೆಲ್ ಮತ್ತು ಸಂಗಡಿಗರು 2013ರಲ್ಲಿ ಹೆಚ್ಚು ದ್ರವ್ಯರಾಶಿಯ ಉಪಗೆಲಾಕ್ಸಿಗಳಿಗೆ ಈ ಲೆಕ್ಕ ಹಾಕಿ, ಒಳಬಿದ್ದ ಮೇಲೆ 200ರಿಂದ 400 ಕೋಟಿ ವರ್ಷಗಳವರೆಗೆ ನಕ್ಷತ್ರಗಳು ಎಂದಿನಂತೆ ಹುಟ್ಟುತ್ತಿದ್ದು ಆಮೇಲೆ 80 ಕೋಟಿ ವರ್ಷದೊಳಗೆ ಬೇಗನೆ ನಿಲ್ಲುತ್ತವೆ ಎಂದರು. ಅದರ ಮರುವರ್ಷ ವೀಲರ್ ಮತ್ತು ಸಂಗಡಿಗರು ಸುಮಾರು 30 ಕೋಟಿಯಿಂದ 300 ಕೋಟಿ ಸೌರರಾಶಿಯ ಉಪಗೆಲಾಕ್ಸಿಗಳಲ್ಲಿ ಈ ಅವಧಿ 900 ಕೋಟಿ ವರ್ಷವನ್ನೂ ಮೀರಬಹುದೆಂದು ತೋರಿಸಿದರು. ಇನ್ನೂ ಚಿಕ್ಕದಕ್ಕೆ ಇಳಿದರೆ, ಹತ್ತು ಕೋಟಿ ಸೌರರಾಶಿಗಿಂತ ಕೆಳಗೆ, ಅವಧಿ ದಿಢೀರನೆ 200 ಕೋಟಿ ವರ್ಷದ ಸುತ್ತಮುತ್ತ ಕುಸಿಯುತ್ತದೆ ಎಂದು ಫಿಲಿಂಗ್‌ಹ್ಯಾಮ್ ಮತ್ತು ಸಂಗಡಿಗರು 2015ರಲ್ಲಿ ಬರೆದರು. ಅಂದರೆ ದ್ರವ್ಯರಾಶಿ ಇಳಿದಂತೆ ಅವಧಿ ಮೊದಲು ಹೆಚ್ಚುತ್ತದೆ, ಒಂದು ಹಂತದ ನಂತರ ಕುಸಿಯುತ್ತದೆ. ಕಾರಣ ಬದಲಾಗುವುದು ಅಲ್ಲಿಯೇ. ನಡುವಿನ ದ್ರವ್ಯರಾಶಿಯ ಕುಬ್ಜಗಳಲ್ಲಿ ನಕ್ಷತ್ರಗಳಿಗಿಂತ ಅನಿಲವೇ ಹೆಚ್ಚಿರುವುದುಂಟು. ಒಳಹರಿವು ನಿಂತರೂ ಇರುವುದು ಬಹುಕಾಲ ಬರುತ್ತದೆ. ತೀರ ಚಿಕ್ಕವುಗಳಿಗೆ ಕ್ಷೀರಪಥದ ಸುತ್ತಲಿನ ತೆಳು ಬಿಸಿ ಅನಿಲದ ಒತ್ತಡವನ್ನೂ ತಾಳಿಕೊಳ್ಳುವ ಶಕ್ತಿಯಿಲ್ಲ.

ನಮ್ಮ ಪಟ್ಟಿಯಲ್ಲಿ ಈ ಕುಸಿತದ ಕೆಳಗಿನ ಭಾಗವನ್ನು ನೋಡಲಾಗುವುದಿಲ್ಲ, ಏಕೆಂದರೆ ಅಷ್ಟು ಮಂಕು ಗೆಲಾಕ್ಸಿಗಳ ರೋಹಿತ ಸ್ಲೋನ್‌ನಲ್ಲಿ ಬಹಳ ಕಡಿಮೆ. ಮೇಲಿನ ಭಾಗ ಮಾತ್ರ ಚೆನ್ನಾಗಿ ಬಂದಿತು: ದೊಡ್ಡ ನೆರೆಯಿಂದ ದೂರ ಹೋದಂತೆ ನಿಂತವುಗಳ ಪಾಲು ಇಳಿಯುತ್ತ ಹೋಗಿ, ಒಂಟಿ ಪ್ರದೇಶದಲ್ಲಿ ಬಹುತೇಕ ಶೂನ್ಯಕ್ಕೆ ಬಂತು, ಅಲ್ಲಿ ಉಳಿದ ಕೆಲವನ್ನು ಒಂದೊಂದಾಗಿ ತೆರೆದು ನೋಡಿದಾಗ ಹೆಚ್ಚಿನವಕ್ಕೆ ಅತಿನೇರಳೆಯಲ್ಲಿ ಹೊಳಪು ಇತ್ತು. ಕೆಳಗಿನ ಭಾಗಕ್ಕೆ ನಮ್ಮ ಕ್ಷೀರಪಥದ ನೆರೆಯೇ ಸರಿಯಾದ ಕ್ಷೇತ್ರ. ಗ್ರೆಸೆವಿಚ್ ಮತ್ತು ಪಟ್‌ಮನ್ 2009ರಲ್ಲಿ ತೋರಿಸಿದಂತೆ ಕ್ಷೀರಪಥ ಅಥವಾ ನೆರೆಯ ದೊಡ್ಡ ಗೆಲಾಕ್ಸಿಯಾದ ಆಂಡ್ರೊಮಿಡಾದಿಂದ ಸುಮಾರು 9 ಲಕ್ಷ ಜ್ಯೋತಿರ್ವರ್ಷದೊಳಗಿನ ಕುಬ್ಜಗಳಲ್ಲಿ ಹೆಚ್ಚಿನವುಗಳಲ್ಲಿ ಜಲಜನಕ ಅನಿಲವೇ ಸಿಗುವುದಿಲ್ಲ, ಅದರಾಚೆಯವುಗಳಲ್ಲಿ ಸಿಗುತ್ತದೆ. 2007ರಲ್ಲಿ ಪತ್ತೆಯಾದ ಲಿಯೋ ಟಿ ಎಂಬ ಕುಬ್ಜ ಕೇವಲ ಲಕ್ಷದ ಆಸುಪಾಸಿನ ಸೌರರಾಶಿಯದು, ಆದರೂ ಸುಮಾರು 13–14 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿರುವುದರಿಂದ ಅನಿಲವನ್ನು ಉಳಿಸಿಕೊಂಡಿದೆ. ಲಿಯೋ 1 ಎಂಬ ಕುಬ್ಜ ಇನ್ನೂ ಸ್ಪಷ್ಟವಾದ ಸಾಕ್ಷಿ: ಹಬಲ್ ದೂರದರ್ಶಕದಿಂದ ಅದರ ಚಲನೆಯನ್ನು ಅಳೆದಾಗ ಅದು ಸುಮಾರು 100 ಕೋಟಿ ವರ್ಷದ ಹಿಂದೆ ಕ್ಷೀರಪಥಕ್ಕೆ ಅತಿ ಸಮೀಪ ಬಂದು ಹೋಗಿದೆಯೆಂದು ತಿಳಿಯಿತು, ಅದರಲ್ಲಿ ನಕ್ಷತ್ರ ಜನನ ನಿಂತದ್ದೂ ಸುಮಾರು ಅದೇ ಕಾಲಕ್ಕೆ. ಡ್ರೇಕೊ, ಉರ್ಸಾ ಮೈನರ್ ಕುಬ್ಜಗಳಲ್ಲಿ ಅದು ಸಾವಿರ ಕೋಟಿ ವರ್ಷದಷ್ಟು ಹಿಂದೆಯೇ ನಿಂತಿದೆ.

ಇದಕ್ಕೆ ಎದುರಾಗಿ ನಿಲ್ಲುವವು ಮ್ಯಾಗೆಲನಿಕ್ ಮೇಘಗಳೆಂಬ ಎರಡು ಉಪಗೆಲಾಕ್ಸಿಗಳು. ಕ್ಷೀರಪಥಕ್ಕೆ ಇಷ್ಟು ಹತ್ತಿರವಿದ್ದರೂ ಅವುಗಳಲ್ಲಿ ಅನಿಲವಿದೆ, ನಕ್ಷತ್ರಗಳೂ ಹುಟ್ಟುತ್ತಿವೆ. ಅವು ಇತ್ತೀಚೆಗಷ್ಟೇ ಬಂದು ಸೇರಿದವು ಮತ್ತು ದ್ರವ್ಯರಾಶಿ ಹೆಚ್ಚಿರುವಂಥವು ಎಂಬುದೇ ಇದಕ್ಕೆ ಸಮಂಜಸವಾದ ವಿವರಣೆ. ಫೆಬ್ರವರಿಯ ಮುನ್ನಿರುಳಿನಲ್ಲಿ ಚಿಕ್ಕಮಗಳೂರಿನ ಎತ್ತರದ ದಿಣ್ಣೆಗಳಿಂದ ದಕ್ಷಿಣಕ್ಕೆ ತಡೆಯಿಲ್ಲದ ನೋಟ ಸಿಕ್ಕರೆ, ಅಗಸ್ತ್ಯ ನಕ್ಷತ್ರದ ಸಾಕಷ್ಟು ಕೆಳಗೆ, ದಿಗಂತದಿಂದ ಸುಮಾರು 7 ಡಿಗ್ರಿ ಮೇಲೆ ದೊಡ್ಡ ಮೇಘ ಇರುತ್ತದೆ. ಗಾಳಿಯಲ್ಲಿ ಧೂಳು, ಮಂಜು ಇಲ್ಲದ ರಾತ್ರಿ ಮಾತ್ರ ಅದು ಮಾಸಲು ತೇಪೆಯಂತೆ ಕಂಡೀತು. ನಮ್ಮ ಅಧ್ಯಯನದ ವಸ್ತುವನ್ನು ಕಣ್ಣಿನಿಂದಲೇ ನೋಡಲು ಈ ಭಾಗದಲ್ಲಿ ಸಿಗುವ ಅವಕಾಶ ಬಹುಶಃ ಅದೊಂದೇ.

ಕ್ಷೀರಪಥವೊಂದನ್ನೇ ನೋಡಿ ತೀರ್ಮಾನಕ್ಕೆ ಬರಬಾರದೆಂದು ಸಾಗಾ ಎಂಬ ಸಮೀಕ್ಷೆ ಕ್ಷೀರಪಥದಂಥ 101 ಗೆಲಾಕ್ಸಿಗಳ ಸುತ್ತ 378 ಉಪಗೆಲಾಕ್ಸಿಗಳನ್ನು ಗುರುತಿಸಿದೆ. ಅವುಗಳಲ್ಲಿ ಹೆಚ್ಚಿನವು ಇನ್ನೂ ನಕ್ಷತ್ರಗಳನ್ನು ಹುಟ್ಟಿಸುತ್ತಿವೆ. ದ್ರವ್ಯರಾಶಿ ಇಳಿದಂತೆ ನಿಂತವುಗಳ ಪಾಲು ಏರುತ್ತದೆ. ಕ್ಷೀರಪಥದ ಸುತ್ತಲಿನ ಚಿತ್ರವನ್ನೇ ಎಲ್ಲೆಡೆಗೂ ಅನ್ವಯಿಸಲಾಗದೆಂಬುದಕ್ಕೆ ಇದು ಬಲವಾದ ಆಧಾರ, ಮತ್ತು ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲು ಓದಿಸುವ ಪ್ರಬಂಧಗಳು ಇದೇ ಸಮೀಕ್ಷೆಯವು.

ಕಾಲದಲ್ಲಿ ಹಿಂದಕ್ಕೆ ಹೋಗಿ ನೇರವಾಗಿ ನೋಡುವ ದಾರಿಯೂ ಇದೆ. 1ರ ಕೆಂಪು ಪಲ್ಲಟದಲ್ಲಿರುವ ಗೆಲಾಕ್ಸಿಯ ಬೆಳಕು ಹೊರಟು ಸುಮಾರು 780 ಕೋಟಿ ವರ್ಷವಾಗಿದೆ. ಹಬಲ್‌ನ ಆಳವಾದ ಚಿತ್ರಗಳಿರುವ, ಕ್ಯಾಂಡಲ್ಸ್ ಎಂಬ ಸಮೀಕ್ಷೆಯ ಆಕಾಶ ಕ್ಷೇತ್ರಗಳಲ್ಲಿ, ಅಷ್ಟು ದೂರದಲ್ಲಿಯೂ, ನಿಂತ ಚಿಕ್ಕ ಗೆಲಾಕ್ಸಿಗಳು ದೊಡ್ಡ ನೆರೆಯ ಸಮೀಪದಲ್ಲೇ ಹೆಚ್ಚಾಗಿ ಕಂಡಿವೆ. ಅಂದರೆ ನೆರೆಯ ಪ್ರಭಾವ ಇತ್ತೀಚಿನದಲ್ಲ. ಈ ಭಾಗವನ್ನು ನಾವು ಸ್ವತಃ ಮಾಡಲಿಲ್ಲ. ಅಷ್ಟು ದೂರದ ಕುಬ್ಜಗಳಿಗೆ ರೋಹಿತ ಸಿಗುವುದು ಕಷ್ಟ, ಬಣ್ಣಗಳಿಂದ ಊಹಿಸಿದ ಕೆಂಪು ಪಲ್ಲಟದ ಅನಿಶ್ಚಿತತೆ ನೆರೆಯ ಅಂತರಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿರುತ್ತದೆ, ಆದ್ದರಿಂದ ಒಂದೊಂದು ಗೆಲಾಕ್ಸಿಯ ಬಗ್ಗೆ ಏನನ್ನೂ ಹೇಳದೆ ಗುಂಪಿನ ಸರಾಸರಿಯನ್ನು ಮಾತ್ರ ಹೇಳಬೇಕಾಗುತ್ತದೆ.

ಸದ್ಯ ನಮ್ಮ ಕೆಲಸ ಎರಡು ದಿಕ್ಕಿನಲ್ಲಿ ಸಾಗಿದೆ. 2025ರ ಮಾರ್ಚ್‌ನಲ್ಲಿ ಸಾರ್ವಜನಿಕರಿಗೆ ತೆರೆದ ಡೆಸಿ ಸಮೀಕ್ಷೆಯ ಮೊದಲ ದತ್ತಾಂಶದಲ್ಲಿ ಸ್ಲೋನ್‌ಗಿಂತ ಮಂಕಾದ ಹತ್ತಿರದ ಗೆಲಾಕ್ಸಿಗಳ ರೋಹಿತಗಳಿವೆ. ಅದೇ ಷರತ್ತುಗಳನ್ನು ಅವಕ್ಕೆ ಅನ್ವಯಿಸಿ, ಹತ್ತು ಕೋಟಿ ಸೌರರಾಶಿಯ ಕೆಳಗೆ ಒಂಟಿ ಪ್ರದೇಶದಲ್ಲಿ ನಿಂತವು ಸಿಗುತ್ತವೆಯೇ ಎಂದು ಹುಡುಕುತ್ತಿದ್ದೇವೆ. ಸಿಕ್ಕರೆ ಅವು ಹಿಂದೊಮ್ಮೆ ಗುಚ್ಛದೊಳಗೆ ಹೊಕ್ಕು ಹೊರಬಂದವೇ ಎಂಬುದನ್ನು ಪರೀಕ್ಷಿಸಬೇಕು. ಅಂಥವು ದೊಡ್ಡ ನೆರೆಯಿಂದ ಸಾಕಷ್ಟು ದೂರಕ್ಕೆ ಸಿಡಿದಿರುವುದು ಮಾದರಿಗಳಲ್ಲಿ ಕಾಣುತ್ತದೆ. ಎರಡನೆಯ ದಿಕ್ಕು ಅನಿಲದ್ದು. ಪುಣೆಯ ಬಳಿಯ ಖೋಡದ್‌ನಲ್ಲಿ 45 ಮೀಟರ್ ವ್ಯಾಸದ 30 ಬಟ್ಟಲುಗಳಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕ, 1,420 ಮೆಗಾಹರ್ಟ್ಸ್‌ನಲ್ಲಿ ಜಲಜನಕದ ಸೂಸುವಿಕೆಯನ್ನು ಅಳೆದು ಮಂಕು ಕುಬ್ಜಗಳ ಅನಿಲದ ನಕ್ಷೆಗಳನ್ನು ಈಗಾಗಲೇ ಕೊಟ್ಟಿದೆ. ನಕ್ಷತ್ರ ಜನನ ಇನ್ನೂ ನಡೆಯುತ್ತಿರುವ, ಆದರೆ ದೊಡ್ಡ ನೆರೆಯ ಸಮೀಪಕ್ಕೆ ಬಂದಿರುವ ಕುಬ್ಜಗಳನ್ನು ನಮ್ಮ ಪಟ್ಟಿಯಿಂದ ಆರಿಸಿ, ಅವುಗಳ ಅನಿಲ ಒಂಟಿಯಾಗಿರುವವಕ್ಕಿಂತ ಕಡಿಮೆಯಾಗಲು ತೊಡಗಿದೆಯೇ ಎಂದು ಆ ದೂರದರ್ಶಕದ ದತ್ತಾಂಶ ಸಂಗ್ರಹದಲ್ಲಿ ನೋಡುತ್ತಿದ್ದೇವೆ. ಒಳಹರಿವು ನಿಂತು ಅನಿಲ ನಿಧಾನವಾಗಿ ಮುಗಿಯುತ್ತಿದ್ದರೆ ಅನಿಲದ ತಟ್ಟೆ ಎಲ್ಲೆಡೆಯೂ ಒಂದೇ ಬಗೆಯಲ್ಲಿ ತೆಳುವಾಗಿರಬೇಕು, ಸುಲಿದುಹೋಗುತ್ತಿದ್ದರೆ ಹೊರ ಅಂಚು ಒಂದು ಬದಿಯಿಂದ ಕತ್ತರಿಸಿದಂತಿರಬೇಕು. ಈ ಎರಡರಲ್ಲಿ ಯಾವುದು ಎಂಬುದನ್ನು ಪ್ರತಿ ನಕ್ಷೆಯ ಮೇಲೆ ಗುರುತಿಸುವ ಕೆಲಸ ಈಗ ನಡೆದಿದೆ.